ಆ ಹೆಂಗಸಿನ ಪ್ಲೇಟು

ಆಪರೇಷನ್ನಿಗೆಂದು ದಿಂಡಿಗಲ್ಲಿಗೆ ಹೊರಡುವ ದಿನ ಬೆಳಿಗ್ಗೆ ಪೊನ್ನುಸಾಮಿ ಹೆಂಡತಿಯನ್ನು ಒಳಕೋಣೆಗೆ ಕರೆದ. ನೋವಿಗೆ ಅರ್ಧ ಬಗ್ಗಿಕೊಂಡೇ ಮರದ ಪೆಟ್ಟಿಗೆ ತೆಗೆದು, ಹಳೆಯ ವೇಷ್ಟಿ ಪಂಚೆಯಲ್ಲಿ ಸುತ್ತಿದ್ದ ಒಂದು ಗ್ರಾಮಫೋನ್ ಪ್ಲೇಟನ್ನು ಅವಳ ಕೈಯಲ್ಲಿಟ್ಟ.

"ಕಾಮಾಚಿ, ಇದ ಚೀಲದಾಗೆ ಬಟ್ಟೆ ನಡುವೆ ಮಡಗು. ನನಗೆ ಏನಾನ ಹೆಚ್ಚುಕಮ್ಮಿ ಆದ್ರೆ ದಿಂಡಿಗಲ್ಲಾಗೆ ಕೊಲಂಬೊ ಬ್ಯಾಂಡಿನ ಜೆಯರಾಜ್ ಮನೆಗೆ ಕೊಟ್ಬುಡು. ಅವರ ಮನೆಗೇ ಸೇರಬೇಕಾದ್ದು."

ಕಾಮಾಕ್ಷಿಯಮ್ಮಾಳ್ ಅದನ್ನು ಹಾಗೇ ಚೀಲಕ್ಕೆ ಸೇರಿಸಿದಳು. ಬಟ್ಟೆ ಬಿಚ್ಚಿ ನೋಡುವ ಅಗತ್ಯವೂ ಅವಳಿಗಿರಲಿಲ್ಲ. ಮನೆತುಂಬ ಪ್ಲೇಟುಗಳಿದ್ದವು. ಅಷ್ಟರಲ್ಲಿ ಅವನು ಹೀಗೆ ಬಟ್ಟೆ ಸುತ್ತಿ ಬೇರೆ ಇಡುತ್ತಿದ್ದದ್ದು ಒಂದನ್ನೇ. ಆ ಹೆಂಗಸಿನದು.

ಕಂಬಂ ಕಣಿವೆಯ ಮಾರ್ಕಯನ್‌ಕೋಟ್ಟೈಯಲ್ಲಿ ಪೊನ್ನುಸಾಮಿಯ ಕಥೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಎಂದು ತಲೆಮಾರುಗಳಿಂದ ಗದ್ದೆ ಮಾಡಿಕೊಂಡಿದ್ದ ಕೇರಿ ಅದು. ಆ ಕೇರಿಯ ಹುಡುಗ ಮೀಸೆ ಚಿಗುರುವ ವಯಸ್ಸಿನಲ್ಲಿ ಏಲಕ್ಕಿ ಮೂಟೆ ತರಲು ಘಾಟಿ ಹತ್ತಿಹೋದವನು, ಎಸ್ಟೇಟಿನ ಬಿಳಿ ದೊರೆಯ ಬಂಗಲೆಯಲ್ಲಿ ಗ್ರಾಮಫೋನ್ ಹಾಡುವುದನ್ನು ಕೇಳಿ ಅಲ್ಲೇ ನಿಂತುಬಿಟ್ಟನಂತೆ. ಎತ್ತುಗಳು ತಾವೇ ಇಳಿದು ಮನೆಗೆ ಬಂದವು, ಅವನು ಬರಲಿಲ್ಲ. ಅಲ್ಲಿಂದ ಕೊಲಂಬೊಗೆ ಹೋದ. ಅಲ್ಲಿನ ಒಂದು ದೊಡ್ಡ ಹೋಟೆಲಿನಲ್ಲಿ ರಾತ್ರಿ ದೊರೆಗಳೂ ದೊರೆಸಾನಿಗಳೂ ಜೋಡಿಯಾಗಿ ಕುಣಿಯುವಾಗ ಬಾರಿಸುವ ಬ್ಯಾಂಡು ಇತ್ತು. ಮೊದಲು ಆ ಬ್ಯಾಂಡಿನವರ ಪೆಟ್ಟಿಗೆ ಹೊತ್ತ, ಆಮೇಲೆ ಕ್ಲಾರಿನೆಟ್ ಕಲಿತ, ಕೊನೆಗೆ ಅವರ ಸಾಲಿನಲ್ಲೇ ಕಪ್ಪು ಕೋಟು ಹಾಕಿ ಕುಳಿತ.

ಕಾಮಾಕ್ಷಿಯಮ್ಮಾಳ್ ಅವನ ಅಕ್ಕರೆಯ ಸೋದರಮಾವನ ಮಗಳು. ಚಿಕ್ಕಂದಿನಿಂದ ಅವನನ್ನು ಮಾಮ ಎಂದೇ ಕರೆದವಳು, ಮದುವೆಯಾದ ಮೇಲೂ ಹಾಗೇ ಕರೆದಳು. ಮದುವೆಯ ಮೊದಲ ವರ್ಷಗಳೆಲ್ಲ ಅವನು ಕಡಲಾಚೆ, ಅವಳು ಅತ್ತೆಯ ಜೊತೆ ಗದ್ದೆಯಲ್ಲಿ. ರಜೆಗೆ ಬಂದಾಗ ಅವನ ಟ್ರಂಕಿನಲ್ಲಿ ಸೀರೆಗಿಂತ ಪ್ಲೇಟುಗಳೇ ಹೆಚ್ಚು ಇರುತ್ತಿದ್ದವು.

ಮುಂದಿನ ಹಲ್ಲುಗಳು ಒಂದೊಂದಾಗಿ ಬಿದ್ದಾಗ ಅವನ ಊದುವ ಕೆಲಸ ಮುಗಿಯಿತು. ಹಲ್ಲಿಲ್ಲದ ಬಾಯಿಗೆ ಕ್ಲಾರಿನೆಟ್ ನಿಲ್ಲುವುದಿಲ್ಲ. ವಾದ್ಯವನ್ನು ಕೊಲಂಬೊದಲ್ಲೇ ಯಾರಿಗೋ ಕೊಟ್ಟು, ಪ್ಲೇಟುಗಳನ್ನೂ ಕೀ ಕೊಡುವ ಪೆಟ್ಟಿಗೆಯನ್ನೂ ಹೊತ್ತುಕೊಂಡು ಊರಿಗೆ ಬಂದ. ಊದುವುದು ನಿಂತಿತು, ಕೇಳುವುದು ನಿಲ್ಲಲಿಲ್ಲ. ಬಿಳಿಯರು ದೇಶ ಬಿಟ್ಟು ಹೋಗುತ್ತಿದ್ದ ಕಾಲ. ಕೊಡೈಕನಾಲ್ ಬೆಟ್ಟದಲ್ಲಿ ಯಾವುದೋ ಬಂಗಲೆಯ ಸಾಮಾನು ಹರಾಜಾಗುತ್ತದೆ ಎಂದು ಕಿವಿಗೆ ಬಿದ್ದರೆ ಸಾಕು, ಭತ್ತದ ಕೊಯ್ಲನ್ನೂ ಮಗ ಪೆರಿಯಣ್ಣನ್ ತಲೆಗೆ ಕಟ್ಟಿ ಹೊರಟುಬಿಡುತ್ತಿದ್ದ. ಒಂದು ಸಲ ಅಲ್ಲಿಂದ ಒಂದು ಗೋಣಿ ತುಂಬ ಪ್ಲೇಟು ತಂದವನು, ಘಾಟಿಯ ತಿರುವುಗಳಲ್ಲಿ ಒಡೆದಾವೆಂದು ಅದನ್ನು ಬಸ್ಸಿನ ಸೀಟಿನ ಮೇಲೆ ಕೂರಿಸಿ ತಾನು ದಾರಿಯುದ್ದಕ್ಕೂ ನಿಂತೇ ಬಂದಿದ್ದ.

ಮನೆಯಲ್ಲಿ ಅವುಗಳಿಗೆ ಬಾಣಂತಿಯ ಆರೈಕೆ. ಬಿಸಿಲು ತಾಗದ ಗೋಡೆಯ ಪಕ್ಕ ನೆಟ್ಟಗೆ ನಿಲ್ಲಿಸುವುದು, ಮೆತ್ತನೆಯ ಬಟ್ಟೆಯಲ್ಲಿ ಗೀರಿನ ಜಾಡು ಹಿಡಿದು ಸುತ್ತಲೂ ಒರೆಸುವುದು, ಎರಡು ಹಾಡಿಗೊಮ್ಮೆ ಮುಳ್ಳು ಬದಲಾಯಿಸುವುದು. ಒಂದು ಬೇಸಿಗೆಯಲ್ಲಿ ಕೆಲವು ಪ್ಲೇಟುಗಳು ಹಪ್ಪಳದಂತೆ ಸೊಟ್ಟಗಾದವು. ಎರಡು ಗಾಜಿನ ನಡುವೆ ಒತ್ತಿ, ಅಂಗಳದಲ್ಲಿ ಬಿಸಿಲಿಗಿಟ್ಟು, ಕೊಡೆ ಹಿಡಿದು ಪಕ್ಕದಲ್ಲೇ ಕುಳಿತು ಅವುಗಳನ್ನು ಸಪಾಟು ಮಾಡಿಕೊಂಡ. ಸಂಜೆ ಗದ್ದೆಯಿಂದ ಬಂದು ಕೈಕಾಲು ತೊಳೆದರೆ ಜಗುಲಿಯ ಮೇಲೆ ಪೆಟ್ಟಿಗೆ ತೆರೆಯುತ್ತಿತ್ತು. ಕೂಲಿಯಾಳುಗಳು ನಿಂತು ಕೇಳಿದರೆ ಅವನಿಗೆ ಹಬ್ಬ. ಇದು ಟ್ರಾಂಬೋನು, ಕೇಳು, ಕುಡುಕ ಮೆಟ್ಟಿಲು ಹತ್ತಿದ ಹಾಗಿದೆಯಲ್ಲ ಎನ್ನುತ್ತಿದ್ದ. ಈ ಡ್ರಮ್ಮಿನವನಿಗೆ ಹೆಂಡತಿಯ ಮೇಲೆ ಸಿಟ್ಟು, ಅದಕ್ಕೇ ಹೀಗೆ ಬಾರಿಸುತ್ತಾನೆ ಎನ್ನುತ್ತಿದ್ದ. ಊರವರು ಅವನನ್ನು ಪ್ಲೇಟು ಪೊನ್ನುಸಾಮಿ ಎಂದರು, ಅವನು ಬೇಸರಪಡಲಿಲ್ಲ.

ಕಾಮಾಕ್ಷಿಯಮ್ಮಾಳಿಗೂ ಆ ಕುಣಿತದ ಹಾಡುಗಳು ಹಿಡಿಸಿದ್ದವು. ಅವಳ ಮೊರ ಅವುಗಳ ತಾಳಕ್ಕೇ ಕೇರುತ್ತಿತ್ತು. ಅವಳಿಗೆ ಆಗದಿದ್ದದ್ದು ಆ ಒಂದು ಪ್ಲೇಟು.

ಅದನ್ನು ಅವನು ಆಳುಗಳ ಮುಂದೆ ಹಾಕುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಒಳಕೋಣೆಯಲ್ಲಿ ಹಾಕುತ್ತಿದ್ದ, ಅದೂ ಎಂದಾದರೊಮ್ಮೆ. ಮೊದಲು ಬ್ಯಾಂಡು, ಆಮೇಲೆ ಒಬ್ಬ ಹೆಂಗಸಿನ ದನಿ. ಜೇನಿನಂಥ, ತುಸು ನಿದ್ದೆಗಣ್ಣಿನ ದನಿ, ಕಿವಿಯ ಹತ್ತಿರವೇ ನಿಂತು ಹಾಡಿದಂತೆ. ಇಂಗ್ಲಿಷು ಬಾರದಿದ್ದರೂ ಅದು ಪ್ರೇಮದ ಮಾತು ಎಂದು ತಿಳಿಯದಷ್ಟು ದಡ್ಡಿ ಅವಳಲ್ಲ. ಒಂದು ದಿನ ಅವನಿಲ್ಲದಾಗ, ತೇನಿಯಲ್ಲಿ ಹೈಸ್ಕೂಲು ಓದಿದ್ದ ತಮ್ಮನ ಕೈಯಲ್ಲಿ ಪ್ಲೇಟಿನ ನಡುವಿನ ನೀಲಿ ಕಾಗದ ಓದಿಸಿದ್ದಳು. ಬ್ಯಾಂಡಿನ ಹೆಸರಿನ ಕೆಳಗೆ 'ಹಾಡಿದವರು ಮಿಸ್ ಲಿಲಿ' ಎಂದಿದೆ ಅಕ್ಕ ಎಂದಿದ್ದ. ಮಿಸ್ ಅಂದರೇನು ಎಂದು ಕೇಳಿದ್ದಕ್ಕೆ ಮದುವೆಯಾಗದವಳು ಎಂದಿದ್ದ.

ಅಂದಿನಿಂದ ಆ ದನಿ ಶುರುವಾದರೆ ಅವಳು ಎದ್ದು ಹಿತ್ತಲಿಗೆ ಹೋಗಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಕೇಳಲಿಲ್ಲ, ಜಗಳವಾಡಲಿಲ್ಲ. ಅವನು ಮನೆಗೆ ಬಂದಿದ್ದಾನೆ, ಮಕ್ಕಳನ್ನು ದಡ ಸೇರಿಸಿದ್ದಾನೆ, ಒಂದು ದಿನವೂ ಕೈ ಎತ್ತಿದವನಲ್ಲ. ಕಡಲಾಚೆಯದು ಕಡಲಾಚೆಯೇ ಇರಲಿ ಎಂದು ನುಂಗಿಕೊಂಡಳು.

ಹೀಗಿರುವಾಗ ಪೊನ್ನುಸಾಮಿಯ ಕರುಳು ಕೆಳಗಿಳಿಯಿತು. ಹರ್ನಿಯಾ ಎಂದರು ಡಾಕ್ಟರು. ಎಳೆಯ ವಯಸ್ಸಿನಿಂದ ಹೊಟ್ಟೆ ಬಿಗಿಹಿಡಿದು ಊದಿದ್ದಕ್ಕೇ ಹೀಗಾಯಿತು ಎಂದರು ಊರವರು. ಅವನು ಮುಂದೂಡುತ್ತ ಬಂದು, ವಾಂತಿ ಶುರುವಾದ ಮೇಲೆಯೇ ಒಪ್ಪಿದ್ದ. ಪೆರಿಯಣ್ಣನ್ ತೇನಿಯವರೆಗೆ ಬಾಡಿಗೆ ಕಾರು ಮಾಡಿ, ಅಲ್ಲಿನ ಡಾಕ್ಟರು ದಿಂಡಿಗಲ್ಲಿಗೇ ಹೋಗಿ ಎಂದಿದ್ದರಿಂದ ಅದೇ ಕಾರಿನಲ್ಲಿ ಮುಂದಕ್ಕೆ ಕರೆತಂದ. ಇನ್ನೊಂದು ದಿನ ತಡೆದಿದ್ದರೆ ಕೈಮೀರುತ್ತಿತ್ತು ಎಂದು ಆಸ್ಪತ್ರೆಯವರು ಬೈದೇ ಒಳಗೆ ಕರೆದೊಯ್ದರು.

ಆಪರೇಷನ್ ಸರಿಯಾಗಿಯೇ ಆಯಿತು. ನೀರು ಬಿಟ್ಟ ಗದ್ದೆ ನೋಡಿಕೊಳ್ಳಲು ಪೆರಿಯಣ್ಣನ್ ಊರಿಗೆ ಹಿಂದಿರುಗಿದ. ಮರುದಿನ ಪೊನ್ನುಸಾಮಿಗೆ ಜ್ವರ ಏರಿತು. ಹೊಟ್ಟೆ ಉಬ್ಬಿಕೊಂಡಿತು. ಗಾಳಿ ಹೋಗುವವರೆಗೂ ಬಾಯಿಗೆ ಒಂದು ತೊಟ್ಟು ನೀರೂ ಕೂಡದು ಎಂದರು ನರ್ಸಮ್ಮ. ಒಂದು ಸೂಜಿ ಚುಚ್ಚಿ, ಸಂಜೆವರೆಗೂ ನೋಡೋಣ ಎಂದು ಹೋದರು. ಆ 'ನೋಡೋಣ' ಎಂಬ ಮಾತು ಕಾಮಾಕ್ಷಿಯಮ್ಮಾಳಿನ ಎದೆಯಲ್ಲಿ ಕಲ್ಲಿನಂತೆ ಬಿತ್ತು.

ಅವನು ಅರೆನಿದ್ದೆಯಲ್ಲಿದ್ದ. ಕಣ್ಣು ಮುಚ್ಚಿತ್ತು. ಹೊದಿಕೆಯ ಮೇಲೆ ಎರಡೂ ಕೈಯ ಬೆರಳುಗಳು ಮಾತ್ರ ಆಡುತ್ತಿದ್ದವು, ಕ್ಲಾರಿನೆಟ್ಟಿನ ತೂತುಗಳನ್ನು ಮುಚ್ಚಿ ತೆರೆಯುವ ಹಾಗೆ. ಯಾವ ಹಾಡು ಎಂದು ಅವಳಿಗೆ ಅನುಮಾನವೇ ಇರಲಿಲ್ಲ. ಚೀಲದ ಕಡೆ ನೋಡಿದಳು. ಇವನು ಹೋಗಿಬಿಟ್ಟರೆ ಈ ಪ್ಲೇಟನ್ನು ತನ್ನ ಕೈಯಿಂದಲೇ ಕೊಡಬೇಕು. ಆ ಮನೆಯಲ್ಲಿ ಯಾರಿಗೆ, ಯಾಕೆ ಎಂದು ತಿಳಿಯದೆ ಕೊಡಬೇಕು. ಆಮೇಲೆ ಉಳಿದ ಆಯುಷ್ಯವೆಲ್ಲ ಕೇಳುವುದಕ್ಕೂ ಯಾರೂ ಇರುವುದಿಲ್ಲ. ಉಸಿರಿರುವಾಗಲೇ ತಿಳಿದುಬಿಡಲಿ, ಕೆಟ್ಟದ್ದಾದರೆ ಕೆಟ್ಟದ್ದೇ ಆಗಲಿ ಎಂದು ಎದ್ದಳು.

ಪಕ್ಕದ ಹಾಸಿಗೆಯಲ್ಲಿ ಮೈದುನನನ್ನು ನೋಡಿಕೊಳ್ಳುತ್ತಿದ್ದ ವೇದಸಂದೂರಿನ ಚೆಲ್ಲಮ್ಮಾಳ್, ನೀನು ಹೋಗಿ ಬಾ, ನಾನಿದ್ದೇನೆ ಎಂದಳು. ಕಾಮಾಕ್ಷಿಯಮ್ಮಾಳ್ ಪ್ಲೇಟನ್ನು ಎದೆಗವಚಿಕೊಂಡು ದಾರಿ ಕೇಳುತ್ತ ನಡೆದಳು. ಹೊಗೆಸೊಪ್ಪಿನ ಮಂಡಿಗಳ ಘಾಟು, ಬೀಗ ಮಾಡುವವರ ಅರದ ಸದ್ದು, ಎಲ್ಲ ದಾಟಿ ಚರ್ಚಿನ ಹಿಂದಿನ ಬೀದಿಗೆ ಬಂದಳು. ಹುಡುಗರಿಗೆ ಬ್ಯಾಂಡು ಕಲಿಸುವ ಜೆಯರಾಜ್ ಅಲ್ಲಿ ಬ್ಯಾಂಡು ವಾತ್ಯಾರ್, ಮನೆ ಎಲ್ಲರಿಗೂ ಗೊತ್ತಿತ್ತು.

ಬಾಗಿಲು ತೆರೆದದ್ದು ದಪ್ಪಗಿನ, ಕಪ್ಪಗಿನ, ಕನ್ನಡಕದ ಒಬ್ಬ ಅಜ್ಜಿ. ಮೊಣಕೈವರೆಗೂ ಇಡ್ಲಿ ಹಿಟ್ಟು. ಜೆಯರಾಜ್ ಚರ್ಚಿನಲ್ಲಿ ಹುಡುಗರಿಗೆ ತುತ್ತೂರಿ ಕಲಿಸುತ್ತಿದ್ದಾರೆ, ತಾನು ಅವರ ಹೆಂಡತಿ ರಾಜಮ್ಮಾಳ್ ಎಂದಳು ಆಕೆ. ಕಾಮಾಕ್ಷಿಯಮ್ಮಾಳ್ ತಮಿಳಿನಲ್ಲಿ ತಾನು ಯಾರೆಂದು ಹೇಳಿದಳು. ಗಂಡ ಆಸ್ಪತ್ರೆಯಲ್ಲಿರುವುದನ್ನು ಹೇಳಿದಳು. ವೇಷ್ಟಿಯ ಸುತ್ತು ಬಿಚ್ಚಿ ಪ್ಲೇಟು ಚಾಚಿದಳು.

ರಾಜಮ್ಮಾಳ್ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಓದಿ ಹಾಗೇ ಬೆಂಚಿನ ಮೇಲೆ ಕುಳಿತುಬಿಟ್ಟಳು. ಕೊಲಂಬೊ ಬಿಟ್ಟು ಬರುವಾಗ ಹಡಗುಕಟ್ಟೆಯಲ್ಲಿ ಟ್ರಂಕು ಬಿದ್ದು, ತಮ್ಮಲ್ಲಿದ್ದ ಇದೇ ಪ್ಲೇಟು ಚೂರಾಯಿತಂತೆ. ಪೊನ್ನುಸಾಮಿ ದಿಂಡಿಗಲ್ಲಿಗೆ ಬಂದಾಗಲೆಲ್ಲ ನಿಮ್ಮದನ್ನು ಕೊಡಿ ಎಂದು ಆಕೆ ಕಾಡುವುದು, ನಾನು ಸತ್ತ ಮೇಲೆ ತಗೊಳ್ಳಿ ಎಂದು ಅವನು ನಗುವುದು. ಹೇಳುತ್ತ ಹೇಳುತ್ತ ಆಕೆ ಮೂಲೆಯಲ್ಲಿದ್ದ ಗ್ರಾಮಫೋನಿನ ಮೇಲಿನ ಹೆಣೆದ ಬಟ್ಟೆ ಸರಿಸಿ, ಕೀ ಕೊಟ್ಟು, ಮುಳ್ಳು ಇಳಿಸಿದಳು.

ಬ್ಯಾಂಡು ಶುರುವಾಯಿತು. ಆ ಹೆಂಗಸಿನ ದನಿ ಬಂದದ್ದೇ ಕಾಮಾಕ್ಷಿಯಮ್ಮಾಳಿನ ಕಾಲುಗಳು ರೂಢಿಯಂತೆ ತಾವೇ ಎದ್ದು ನಿಂತವು. ಆದರೆ ಹೋಗಲು ಇಲ್ಲಿ ಕೊಟ್ಟಿಗೆಯಿರಲಿಲ್ಲ. ನಿಂತೇ ನೋಡಿದಳು. ರಾಜಮ್ಮಾಳಿನ ತುಟಿಗಳು ಪ್ಲೇಟಿನ ಜೊತೆ ಅಲುಗುತ್ತಿದ್ದವು. ಆಮೇಲೆ ಸಣ್ಣಗೆ ದನಿ ಹೊರಟಿತು. ವಯಸ್ಸಾಗಿ ಒರಟಾಗಿತ್ತು, ತುದಿಯಲ್ಲಿ ನಡುಗುತ್ತಿತ್ತು. ಆದರೂ ಅದೇ ಜೇನು, ಅದೇ ನಿದ್ದೆಗಣ್ಣು. ಒಂದೇ ಕೊರಳು ಪ್ಲೇಟಿನೊಳಗೂ ಹೊರಗೂ ಹಾಡುತ್ತಿತ್ತು.

"ಮಿಸ್ ಲಿಲಿ ಅಂದ್ರೆ..." ಎಂದಳು ಕಾಮಾಕ್ಷಿಯಮ್ಮಾಳ್.

ನಾನೇ, ಇನ್ಯಾರು, ಎಂದು ರಾಜಮ್ಮಾಳ್ ಕನ್ನಡಕದಡಿ ಕಣ್ಣೊರೆಸಿಕೊಂಡಳು. ರಾಜಮ್ಮಾಳ್ ಎಂದು ಬರೆದರೆ ಯಾವ ದೊರೆ ಪ್ಲೇಟು ಕೊಳ್ಳುತ್ತಾನೆ ಎಂದು ಬ್ಯಾಂಡ್ ಮಾಸ್ಟರ್ ಇಟ್ಟ ಹೆಸರಂತೆ ಅದು. ಆಗಲೇ ಜೆಯರಾಜ್ ಜೊತೆ ಮದುವೆಯಾಗಿ ಕೈಗೂಸಿತ್ತು. ಪ್ಲೇಟಿಗೆ ಹಾಡುವಷ್ಟು ಹೊತ್ತೂ ಹೊರಗೆ ಪಕ್ಕದ ಮನೆಯವಳ ತೋಳಲ್ಲಿ ಮಗು ಅಳುತ್ತಿತ್ತು. ಬೇಗ ಮುಗಿಸಿ ಹಾಲು ಕೊಡಬೇಕೆಂಬುದು ಬಿಟ್ಟು ತನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ ಎಂದಳು. ಇಷ್ಟು ವರ್ಷ ತನ್ನ ಕಿವಿಗೆ ಪ್ರೇಮದ ಮಾತಾಗಿ ಕೇಳಿದ್ದು ಎದೆ ಬಿಗಿದ ಒಬ್ಬ ತಾಯಿಯ ಅವಸರ ಎಂದು ಕಾಮಾಕ್ಷಿಯಮ್ಮಾಳಿಗೆ ಅರ್ಥವಾಗುವಷ್ಟರಲ್ಲಿ, ರಾಜಮ್ಮಾಳ್ ಬೆರಳೆತ್ತಿದಳು.

"ಈಗ ಕೇಳಿ ಅಕ್ಕಾ. ನಿಮ್ಮವರು."

ಹೆಂಗಸಿನ ದನಿ ನಿಂತು ಒಂಟಿ ಕ್ಲಾರಿನೆಟ್ ಎದ್ದಿತು. ಈ ಭಾಗವನ್ನು ಕಾಮಾಕ್ಷಿಯಮ್ಮಾಳ್ ಎಂದೂ ಕೇಳಿರಲಿಲ್ಲ. ಪ್ಲೇಟು ಇಲ್ಲಿಗೆ ಬರುವ ಹೊತ್ತಿಗೆ ಅವಳು ಯಾವಾಗಲೂ ಎಮ್ಮೆಯ ಹತ್ತಿರ. ಮೊದಲು ದೊರೆಗಳ ಹಾಡನ್ನೇ ಹಿಡಿದು ಹೋಗುತ್ತಿದ್ದ ಕ್ಲಾರಿನೆಟ್ ನಡುವೆ ಪಟ್ಟನೆ ಹೊರಳಿತು. ಅದು ಅವರ ಕೇರಿಯ ಹೆಂಗಸರು ನಾಟಿ ಹಾಕುವಾಗ ಹಾಡುವ ಪದ. ಅದರ ಮೂರನೆಯ ಸಾಲಿನಲ್ಲಿ ಎಲ್ಲರ ದನಿಯೂ ಇಳಿಯುತ್ತದೆ, ಕಾಮಾಕ್ಷಿಯಮ್ಮಾಳಿನದು ಮಾತ್ರ ಏರಿಬಿಡುತ್ತದೆ. ಹೊಸ ಸೊಸೆಯಾಗಿದ್ದಾಗ ಕೆಸರಲ್ಲಿ ನಿಂತ ಅತ್ತೆ ಅದಕ್ಕಾಗಿ ಎಷ್ಟು ಸಲ ಗದರಿದ್ದರೋ, ಅವಳಿಗೆ ತಿದ್ದಿಕೊಳ್ಳಲಾಗಿರಲಿಲ್ಲ. ಕ್ಲಾರಿನೆಟ್ ಮೂರನೆಯ ಸಾಲಿಗೆ ಬಂತು, ಬಂದು ಏರಿತು. ಅವಳದೇ ತಪ್ಪು, ಅವಳು ತಪ್ಪುವ ರೀತಿಯಲ್ಲೇ.

ಅವಳು ಬೆಂಚಿನ ಮೇಲೆ ಕುಳಿತಳು. ಎದೆಯೊಳಗಿಂದ ಏನೋ ಬಂತು, ಅದು ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. ರಾಜಮ್ಮಾಳ್ ಗಾಬರಿಯಾಗಿ ನೀರು ತಂದಳು. ನೀರು ಕುಡಿಯುತ್ತ ಕಾಮಾಕ್ಷಿಯಮ್ಮಾಳ್ ಎಲ್ಲವನ್ನೂ ಹೇಳಿದಳು. ಮಿಸ್ ಅನ್ನುವುದನ್ನೂ, ಎಮ್ಮೆಯನ್ನೂ, ಯಾವುದನ್ನೂ ಮುಚ್ಚಿಡಲಿಲ್ಲ. ರಾಜಮ್ಮಾಳ್ ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ಕೊಲಂಬೊದಲ್ಲಿ ನಿಮ್ಮವರು ನನ್ನ ಜೊತೆ ಆಡಿದ್ದು ಒಂದೇ ಮಾತು ಅಕ್ಕಾ, ಹಾಡನ್ನು ಎಳೆಯಬೇಡಿ, ನನ್ನ ಸರದಿಗೆ ಜಾಗ ಉಳಿಯಲ್ಲ ಅನ್ನುವುದು, ಎಂದಳು. ರಿಹರ್ಸಲ್ಲಿನಲ್ಲಿ ಇಲ್ಲದ ಆ ತುಣುಕನ್ನು ಅವನು, ಪ್ಲೇಟಿಗಾಗಿ ಹಾಡು ಕೊರೆಯುವ ಮೇಣ ತಿರುಗುತ್ತಿರುವಾಗಲೇ ಊದಿಬಿಟ್ಟಾಗ ಬ್ಯಾಂಡ್ ಮಾಸ್ಟರ್ ಕಣ್ಣು ಕೆಂಪಗೆ ಮಾಡಿದ್ದರಂತೆ, ಆದರೆ ತಿರುಗುವ ಮೇಣವನ್ನು ನಿಲ್ಲಿಸುವ ಹಾಗಿರಲಿಲ್ಲ. ಇದೇನು ಎಂದು ಆಮೇಲೆ ಕೇಳಿದರೆ, ಊರು ನೆನಪಾಯಿತು ಎಂದಷ್ಟೇ ಹೇಳಿ ವಾದ್ಯ ಒರೆಸುತ್ತ ಕುಳಿತನಂತೆ.

ಅಷ್ಟರಲ್ಲಿ ಗಂಡನ ಜ್ವರದ ನೆನಪು ಬಂದು ಕಾಮಾಕ್ಷಿಯಮ್ಮಾಳ್ ದಡಬಡಿಸಿ ಎದ್ದಳು. ಇದನ್ನೆಲ್ಲ ತಿಳಿದುಕೊಂಡ ದಿನವೇ ಅವನನ್ನು ಕಳೆದುಕೊಳ್ಳುವುದೇ? ಬರುವಾಗ ಕಾಲಿಗಿಲ್ಲದ ಅವಸರ ಈಗ ಬಂದಿತ್ತು. ರಾಜಮ್ಮಾಳ್ ಸೆರಗು ಸಿಕ್ಕಿಸಿ, ತಾನೂ ಬರುತ್ತೇನೆಂದು ಬೀದಿಯಲ್ಲಿ ಜಟಕಾ ನಿಲ್ಲಿಸಿದಳು. ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡಳು. ಕುದುರೆ ಮಂಡಿ ಬೀದಿ ದಾಟುವವರೆಗೂ ಕಾಮಾಕ್ಷಿಯಮ್ಮಾಳ್ ಕಂಬಂ ಕಣಿವೆಯ ದೇವರುಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದಳು.

ವಾರ್ಡಿನ ಬಾಗಿಲಲ್ಲೇ ಚೆಲ್ಲಮ್ಮಾಳ್ ಎದುರಾದಳು. ಅವಳ ಮುಖದಲ್ಲಿ ನಗು ಕಂಡ ಮೇಲೆ ಕಾಮಾಕ್ಷಿಯಮ್ಮಾಳಿಗೆ ಉಸಿರು ಬಂತು. ಜ್ವರ ಬಿಟ್ಟು ಮೈಯೆಲ್ಲ ಬೆವರಿದೆ, ಹೊಟ್ಟೆ ಇಳಿದಿದೆ. ಗಾಳಿ ಹೋದ ಸದ್ದಿಗೆ ಇಡೀ ವಾರ್ಡೇ ತಿರುಗಿ ನೋಡಿತು, ನಿನ್ನ ಗಂಡ ಊದುವ ಕೆಲಸದವರು ಅಂದಿದ್ದೆಯಲ್ಲ, ಈಗ ನಂಬಿದೆ ಎಂದಳು ಚೆಲ್ಲಮ್ಮಾಳ್. ಡಾಕ್ಟರು ಬಂದು ನೋಡಿ, ಇನ್ನು ಭಯವಿಲ್ಲ, ಗಂಜಿ ಕೊಡಿ ಎಂದಿದ್ದರು.

ಪೊನ್ನುಸಾಮಿ ದಿಂಬಿಗೊರಗಿದ್ದ. ಹೆಂಡತಿಯ ಹಿಂದೆ ರಾಜಮ್ಮಾಳನ್ನೂ, ಆಕೆಯ ಕೈಯಲ್ಲಿ ಪ್ಲೇಟನ್ನೂ ಕಂಡು ಅವನ ಕಣ್ಣುಗಳು ಅಗಲವಾದವು.

"ನಾನಿನ್ನೂ ಇದೀನಲ್ಲ ಕಾಮಾಚಿ," ಎಂದ. "ಅಷ್ಟರಾಗೇ ಕೊಟ್ಬುಟ್ಟಾ?"

ಅವಳು ಹಾಸಿಗೆಯ ಅಂಚಿನಲ್ಲಿ ಕುಳಿತು, ಸೆರಗಿನಿಂದ ಅವನ ಕತ್ತಿನ ಬೆವರು ಒರೆಸಿದಳು.

"ಕಡೇವರ್ಗೂ ಕೇಳ್ದೆ ಮಾಮ," ಎಂದಳು. "ನಮ್ಮ ನಾಟಿ ಪದ. ನಾನು ತಪ್ಪು ಹಾಡೋ ಹಾಗೇ ಊದಿದೀರ."

ಅವನು ಮೇಲಿನ ತೊಲೆಯನ್ನು ನೋಡಿದ.

"ಅವ್ವ ನಿನ್ನ ಬೈತಿದ್ರು," ಎಂದ. "ನನಗೆ ಅದೇ ಸರಿ ಅನಿಸ್ತಿತ್ತು."

"ಹಂಗಂತ ಒಂದು ಕಿತ ಹೇಳಬಾರದಾ?"

"ಏನಂತ ಹೇಳದು? ನನ್ನ ಊದಾಟ ನಾನೇ ಕೇಳ್ತ ಕೂತಿದೀನಿ ಅಂತಾನಾ? ನಾಚಿಕೆ ಕಣೆ. ನೀನಾಗಿ ಕೇಳ್ತೀಯ ಅಂತ ನೋಡ್ದೆ. ಅದ ಹಾಕಿದ್ರೆ ಸಾಕು, ನೀನು ಎದ್ದು ಎಮ್ಮೆ ತಾವ್ಕೆ ಹೋಗ್ತಿದ್ದೆ. ನಿನಗೆ ಹಿಡಿಸಲ್ಲ ಅಂದ್ಕಂಡು ಸುಮ್ಮನಾದೆ."

ಎಮ್ಮೆಯ ಹತ್ತಿರ ಯಾಕೆ ಹೋಗುತ್ತಿದ್ದಳೆಂದು ರಾಜಮ್ಮಾಳೇ ಹೇಳಿಬಿಟ್ಟಳು. ಪೊನ್ನುಸಾಮಿ ಮೊದಲು ಹೆಂಡತಿಯನ್ನು ನೋಡಿದ, ಆಮೇಲೆ ದಪ್ಪಗಿನ ಮಿಸ್ ಲಿಲಿಯನ್ನು ನೋಡಿದ. ನಗು ಉಕ್ಕಿ ಬಂದು ಹೊಲಿಗೆ ಎಳೆಯಿತು. ಎರಡೂ ಕೈಯಲ್ಲಿ ಹೊಟ್ಟೆ ಒತ್ತಿಹಿಡಿದು, ಸಾಕು, ಬಿಚ್ಚಿಹೋಗುತ್ತದೆ, ನಗಿಸಬೇಡಿ ಎಂದು ಬೇಡಿಕೊಂಡ. ಅವನು ಬೇಡಿದಷ್ಟೂ ಹೆಂಗಸರಿಬ್ಬರಿಗೂ ನಗು ತಡೆಯಲಾಗಲಿಲ್ಲ. ನರ್ಸಮ್ಮ ಬಂದು ಗದರಿದರು.

ನಗು ಇಳಿದ ಮೇಲೆ ಅವನು ಪ್ಲೇಟಿನ ಕಡೆ ಕೈ ತೋರಿ, ಬಂದದ್ದು ಬಂತು, ಅದು ನಿಮ್ಮಲ್ಲೇ ಇರಲಿ ಎಂದು ರಾಜಮ್ಮಾಳಿಗೆ ಹೇಳಿದ. ಕೊಡುವಾಗ ಮುಖದಲ್ಲಿ ಎಳೆಮಗುವಿನ ಸಂಕಟವಿತ್ತು.

"ಬ್ಯಾಡ," ಎಂದಳು ಕಾಮಾಕ್ಷಿಯಮ್ಮಾಳ್. "ನಾನು ಒಂದೇ ಕಿತ ಕೇಳಿರದು."

ರಾಜಮ್ಮಾಳ್ ಪ್ಲೇಟನ್ನು ವೇಷ್ಟಿಯಲ್ಲಿ ಸುತ್ತಿ ಅವಳ ಚೀಲದಲ್ಲಿಟ್ಟಳು. ಪೊಂಗಲ್ ಕಳೆದ ಮೇಲೆ ಜೆಯರಾಜ್‌ನನ್ನೂ ಕರೆದುಕೊಂಡು ಮಾರ್ಕಯನ್‌ಕೋಟ್ಟೈಗೇ ಬರುತ್ತೇನೆ, ಜಗುಲಿಯ ಮೇಲೆ ಎಲ್ಲರ ಮುಂದೆ ಹಾಕಬೇಕು ಎಂದು ಮಾತು ತೆಗೆದುಕೊಂಡು, ಅರ್ಧಕ್ಕೆ ಬಿಟ್ಟುಬಂದ ಇಡ್ಲಿ ಹಿಟ್ಟಿನ ನೆನಪಾಗಿ ಹೊರಟಳು.

ಕಾಮಾಕ್ಷಿಯಮ್ಮಾಳ್ ಗಂಜಿಯನ್ನು ಆರಿಸಿ ಚಮಚದಲ್ಲಿ ಕುಡಿಸಿದಳು. ಅವನು ಮುಗಿಸಿ ಇನ್ನೂ ಬೇಕೆಂದ. ಇಂದಿಗೆ ಇಷ್ಟೇ ಎಂದು ಬಾಯೊರೆಸಿ ಮಲಗಿಸಿದಳು. ಊರು ಬಿಟ್ಟಾಗಿನಿಂದ ಅವಳ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಕಿಟಕಿಯ ಹೊರಗೆ ದಿಂಡಿಗಲ್ಲಿನ ಬಂಡೆಗುಡ್ಡದ ಮೇಲೆ ಇಳಿಬಿಸಿಲು ಬಿದ್ದಿತ್ತು. ಮಂಚದ ಪಕ್ಕ ಚಾಪೆ ಬಿಡಿಸಿ, ಐದು ನಿಮಿಷ ಎಂದು ಒರಗಿದಳು. ನರ್ಸಮ್ಮ ಔಷಧಿ ತಂದು ಎಬ್ಬಿಸಲು ನೋಡಿದರೆ, ಪೊನ್ನುಸಾಮಿ ಬಾಯಿಯ ಮೇಲೆ ಬೆರಳಿಟ್ಟು ಬೇಡ ಎಂದ. ಅವಳು ಗೊರಕೆ ಹೊಡೆಯುತ್ತಿದ್ದಳು.